ಗಿಂಡಿ ಮೂತಿಯ ಕೆಟಲ್: ಕೊಳ್ಳುವ ಮುನ್ನ

ಕಾಫಿಯ ವಿಷಯದಲ್ಲಿ ಕನ್ನಡಿಗರಿಗೆ ಬೇರೆಯವರು ಪಾಠ ಹೇಳುವ ಪ್ರಮೇಯ ಹೆಚ್ಚಾಗಿ ಬಂದಿಲ್ಲ. ದೇಶದಲ್ಲಿ ಬೆಳೆಯುವ ಕಾಫಿಯಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಕರ್ನಾಟಕದ್ದು. ಅದೂ ಬಹುಮಟ್ಟಿಗೆ ಕೊಡಗು, ಚಿಕ್ಕಮಗಳೂರು, ಹಾಸನ ಈ ಮೂರೇ ಜಿಲ್ಲೆಗಳದ್ದು. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಅವರು ಯೆಮನ್‌ನ ಮೋಕಾದಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂಬ ಐತಿಹ್ಯವನ್ನು ಶಾಲೆಯ ಮಕ್ಕಳೂ ಬಲ್ಲರು. ಮನೆಯ ಕಾಫಿಯ ಕ್ರಮವೂ ಅಷ್ಟೇ ಗಟ್ಟಿಯಾಗಿ ಬೇರೂರಿದೆ. ಫಿಲ್ಟರಿಗೆ ಪುಡಿ ಹಾಕಿ, ಕುದಿಯುವ ನೀರು ಸುರಿದು ಮುಚ್ಚಿಟ್ಟರೆ ಡಿಕಾಕ್ಷನ್ ತಾನೇ ಇಳಿಯುತ್ತದೆ. ನೀರು ಕಾಯಿಸಲು ಒಂದು ಪಾತ್ರೆ, ಹಿಡಿಯಲು ಒಂದು ಇಕ್ಕಳ. ಅದಕ್ಕೆಂದೇ ಪ್ರತ್ಯೇಕ ಸಾಮಾನು ಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.

ಈಗ ಅನ್ನಿಸತೊಡಗಿದೆ. ಬೆಂಗಳೂರು, ಮೈಸೂರಿನ ಹೊಸ ಬಗೆಯ ಕಾಫಿ ಅಂಗಡಿಗಳಲ್ಲಿ ಗಾಜಿನ ಪಾತ್ರೆಯ ಮೇಲೊಂದು ಆಲಿಕೆ, ಆಲಿಕೆಯೊಳಗೆ ಕಾಗದ, ಕಾಗದದಲ್ಲಿ ಪುಡಿ. ಅದರ ಮೇಲೆ ಕೊಕ್ಕರೆಯ ಕತ್ತಿನಂಥ ಮೂತಿಯ ಕೆಟಲ್‌ನಿಂದ ಎಳೆ ಎಳೆಯಾಗಿ ನೀರು ಬಿಡುವ ದೃಶ್ಯ ಸಾಮಾನ್ಯವಾಗಿದೆ. ‘ಪೋರ್ ಓವರ್’ ಎಂದು ಇದರ ಹೆಸರು. ಹಾಲಿಲ್ಲ, ಚಿಕೋರಿ ಇಲ್ಲ, ಹೆಚ್ಚಿನವರಿಗೆ ಸಕ್ಕರೆಯೂ ಬೇಡ. ಅಂಗಡಿಯಲ್ಲಿ ರುಚಿ ಹತ್ತಿಸಿಕೊಂಡ ಮಗನೋ ಮಗಳೋ ಮನೆಯಲ್ಲೂ ಅದನ್ನೇ ಮಾಡಲು ಹೊರಟಾಗ ಅಡುಗೆಮನೆಯಲ್ಲಿ ಮಾತು ಏಳುತ್ತದೆ. “ನೀರು ಸುರಿಯೋದಕ್ಕೂ ಸಾವಿರಾರು ರೂಪಾಯಿ ಕೊಡ್ಬೇಕೇನೋ?” ಎಂದು ತಾಯಿ ಕೇಳುತ್ತಾರೆ. “ನಿನಗೆ ಗೊತ್ತಾಗಲ್ಲಮ್ಮ” ಎಂದು ಮಗ ಹೇಳುತ್ತಾನೆ.

ತಾಯಿಯ ಪ್ರಶ್ನೆಯನ್ನು ಹಾಗೆ ತಳ್ಳಿಹಾಕುವಂತಿಲ್ಲ. ಪ್ರಶ್ನೆ ನ್ಯಾಯವಾದದ್ದೇ. ಉತ್ತರವೂ ಇದೆ, ಆದರೆ ಅದು ‘ಹೌದು’ ‘ಇಲ್ಲ’ ಎಂಬ ಒಂದೇ ಮಾತಿನಲ್ಲಿ ಮುಗಿಯುವುದಿಲ್ಲ.

ಮೂತಿ ಏಕೆ ಸಪೂರ?

ಕಾಗದದಲ್ಲಿ ಕಾಫಿ ಸೋಸುವ ಪದ್ಧತಿ ಹೊಸದೇನಲ್ಲ. ಜರ್ಮನಿಯ ಡ್ರೆಸ್ಡನ್ ನಗರದ ಗೃಹಿಣಿ ಮೆಲಿಟ್ಟಾ ಬೆಂಟ್ಸ್ 1908ರಲ್ಲಿ ತೂತು ಕೊರೆದ ಹಿತ್ತಾಳೆ ಪಾತ್ರೆಯೊಳಗೆ ಮಗನ ಶಾಲಾ ಪುಸ್ತಕದ ಒತ್ತುಕಾಗದವನ್ನಿಟ್ಟು ಸೋಸಿ ನೋಡಿದರು. ಅದಕ್ಕೆ ಪೇಟೆಂಟನ್ನೂ ಪಡೆದರು. ಈಚೆಗೆ ಹೆಚ್ಚು ಬಳಕೆಯಲ್ಲಿರುವುದು ಜಪಾನಿನ ಹರಿಯೋ ಕಂಪನಿಯ ‘ವಿ60’ ಆಲಿಕೆ. ಅದರ ಕೋನ 60 ಡಿಗ್ರಿ. ಹೆಸರು ಬಂದದ್ದು ಅದರಿಂದಲೇ. ತಳದಲ್ಲಿ ಒಂದೇ ದೊಡ್ಡ ತೂತು. ನೀರು ಎಷ್ಟು ಬೇಗ ಇಳಿಯಬೇಕೆಂಬುದನ್ನು ಈ ಆಲಿಕೆ ತೀರ್ಮಾನಿಸುವುದಿಲ್ಲ. ಪುಡಿಯ ನುಣುಪು ಮತ್ತು ಸುರಿಯುವ ಕೈ ತೀರ್ಮಾನಿಸುತ್ತವೆ.

ನಮ್ಮ ಫಿಲ್ಟರಿನಲ್ಲಿ ಹಾಗಲ್ಲ. ಪುಡಿಯ ಮೇಲೆ ಹಿಡಿಯಿರುವ ತೂತಿನ ತಟ್ಟೆಯೊಂದು ಕೂರುತ್ತದೆ. ನೀರನ್ನು ಹೇಗೇ ಸುರಿದರೂ ಆ ತಟ್ಟೆ ಅದನ್ನು ಹರಡುತ್ತದೆ. ತೂತುಗಳು ಸಣ್ಣವು, ಪುಡಿಯೂ ನುಣುಪು, ಚಿಕೋರಿ ಸೇರಿದ್ದರೆ ನೀರು ಇನ್ನೂ ನಿಧಾನ. ಆದ್ದರಿಂದ ಫಿಲ್ಟರ್ ಕಾಫಿಯ ಮನೆಗೆ ಸಪೂರ ಮೂತಿಯ ಕೆಟಲ್‌ನಿಂದ ಯಾವ ಲಾಭವೂ ಇಲ್ಲ.

ಆಲಿಕೆಯಲ್ಲಿ ಆ ತಟ್ಟೆ ಇಲ್ಲ. ಅಗಲ ಬಾಯಿಯ ಪಾತ್ರೆಯಿಂದ ನೀರು ದಬದಬ ಬಿದ್ದರೆ ಪುಡಿಯ ನಡುವೆ ಗುಂಡಿಯಾಗುತ್ತದೆ. ನೀರು ಸುಲಭದ ದಾರಿ ಹುಡುಕಿಕೊಂಡು ಅಲ್ಲಿಂದಲೇ ಇಳಿಯುತ್ತದೆ. ಒಂದು ಕಡೆಯ ಪುಡಿಯಿಂದ ಸಾರ ಮಿತಿಮೀರಿ ಇಳಿದು ಕಹಿ, ಇನ್ನೊಂದು ಕಡೆ ಇಳಿಯದೇ ಉಳಿದು ಹುಳಿ. ಎರಡೂ ಸೇರಿದ ಲೋಟ ಯಾರಿಗೂ ಹಿಡಿಸುವುದಿಲ್ಲ. ಸಪೂರ ಮೂತಿ ಕೆಟಲ್‌ನ ಬುಡದಿಂದ ಹೊರಟು ಬಾಗಿ ಮೇಲೇರುತ್ತದೆ. ಹಾಗಾಗಿ ಕೆಟಲನ್ನು ತುಸು ಬಾಗಿಸಿದರೂ ಒಂದೇ ದಪ್ಪದ ಎಳೆ, ಬೇಕಾದ ಜಾಗಕ್ಕೇ ಬೀಳುತ್ತದೆ. ಇದರಲ್ಲಿ ಇರುವ ಗುಟ್ಟು ಇಷ್ಟೇ.

ಕರಾವಳಿಯವರಿಗೆ ಇದು ಹೊಸ ಯಂತ್ರವೆಂದು ಅನ್ನಿಸಬೇಕಾಗಿಯೇ ಇಲ್ಲ. ಬಂದವರಿಗೆ ಕೈಕಾಲು ತೊಳೆಯಲು ನೀರು ಕೊಡುವ, ದೇವರ ಪೂಜೆಗೆ ಬಳಸುವ ಗಿಂಡಿಯ ಮೂತಿಯದೂ ಇದೇ ಕೆಲಸ: ಕಡಿಮೆ ನೀರನ್ನು, ಚೆಲ್ಲದೆ, ಬೇಕಾದಲ್ಲಿಗೆ ಬಿಡುವುದು. ಕೆಟಲ್‌ಗೆ ತಂತಿ ಸೇರಿದೆ, ಬೆಲೆ ಏರಿದೆ.

ಹಣ ಮೊದಲು ಎಲ್ಲಿಗೆ?

ಕೆಟಲ್ ಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ: ಉಳಿದದ್ದೆಲ್ಲ ಸರಿಯಾಗಿದೆಯೇ? ಲೋಟದ ರುಚಿಯಲ್ಲಿ ಮೊದಲ ಪಾಲು ಬೀಜದ್ದು. ಹುರಿದು ಕೆಲವೇ ವಾರಗಳಾದ, ಹುರಿದ ದಿನಾಂಕವನ್ನು ಪೊಟ್ಟಣದ ಮೇಲೆ ನಮೂದಿಸಿದ ಅರೇಬಿಕಾ ಬೀಜ ಬೇಕು. ಎರಡನೆಯ ಪಾಲು ಬೀಸುವುದರದ್ದು. ಫಿಲ್ಟರ್ ಕಾಫಿಯ ಪುಡಿ ಆಲಿಕೆಗೆ ಹಾಕಿದರೆ ನೀರು ಕಟ್ಟಿಕೊಂಡು ಕಹಿಯಾಗುತ್ತದೆ. ಇಲ್ಲಿಗೆ ಬೇಕಾದದ್ದು ಅದಕ್ಕಿಂತ ತರಿಯಾದ, ಕೈಗೆ ಮರಳಿನಂತೆ ಹತ್ತುವ ಪುಡಿ. ಬ್ಲೇಡಿನ ಮಿಕ್ಸಿಯಲ್ಲಿ ಪುಡಿ ಮಾಡಿದರೆ ಧೂಳೂ ಚೂರೂ ಒಟ್ಟಿಗೆ ಬರುತ್ತವೆ. ಕೈಯಲ್ಲಿ ತಿರುಗಿಸುವ, ಹಲ್ಲುಚಕ್ರದ ಒಂದು ಸಣ್ಣ ಗ್ರೈಂಡರ್, ಅದಿಲ್ಲದಿದ್ದರೆ ಅಂಗಡಿಯವರಿಂದಲೇ ಆಲಿಕೆಗೆ ತಕ್ಕಂತೆ ಬೀಸಿಸಿಕೊಂಡ ಸ್ವಲ್ಪ ಸ್ವಲ್ಪ ಪುಡಿ, ಇವು ಕೆಟಲ್‌ಗಿಂತ ಮೊದಲು ಬರಬೇಕು.

ಮೂರನೆಯದು ತಕ್ಕಡಿ. 15 ಗ್ರಾಂ ಪುಡಿಗೆ 250 ಮಿಲಿಲೀಟರ್ ನೀರು ಎಂಬುದು ಎಲ್ಲರೂ ಆರಂಭಿಸಬಹುದಾದ ಅಳತೆ. ಚಮಚದ ಲೆಕ್ಕದಲ್ಲಿ ಇದು ದಿನಕ್ಕೊಂದು ಥರ ಆಗುತ್ತದೆ. ಅಡುಗೆಗೆ ಬಳಸುವ ಸಾದಾ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ಇಷ್ಟೆಲ್ಲ ಆದ ಮೇಲೆ ನಾಲ್ಕನೆಯ ಸ್ಥಾನ ಕೆಟಲ್‌ಗೆ. ಹಳಸಿದ ಪುಡಿಗೆ ದುಬಾರಿ ಕೆಟಲ್‌ನಿಂದ ನೀರು ಬಿಟ್ಟರೂ ಬರುವುದು ಹಳಸಿದ ಕಾಫಿಯೇ.

ಇನ್ನೊಂದು ಅಗ್ಗದ ದಾರಿಯೂ ಉಂಟು. ಮನೆಯಲ್ಲಿ ಸಾದಾ ಎಲೆಕ್ಟ್ರಿಕ್ ಕೆಟಲ್ ಈಗಾಗಲೇ ಇದ್ದರೆ, ತಂತಿಯಿಲ್ಲದ ಸಪೂರ ಮೂತಿಯ ಸ್ಟೀಲ್ ಪಾತ್ರೆಯನ್ನು ಮಾತ್ರ ಕೊಂಡು, ಕುದಿದ ನೀರನ್ನು ಅದಕ್ಕೆ ಬಗ್ಗಿಸಿಕೊಂಡರಾಯಿತು. ಬಗ್ಗಿಸುವಾಗ ನೀರಿನ ಬಿಸಿ ಕೆಲವು ಡಿಗ್ರಿ ಇಳಿಯುತ್ತದೆ. ಪಾತ್ರೆಯನ್ನು ಮೊದಲೇ ಬಿಸಿನೀರಿನಲ್ಲಿ ತೊಳೆದಿಟ್ಟುಕೊಂಡರೆ ಆ ನಷ್ಟ ಕಡಿಮೆ. ದಿನಕ್ಕೊಂದು ಲೋಟ ಮಾಡುವವರಿಗೆ ಇದು ಧಾರಾಳವಾಗಿ ಸಾಕು. ಎರಡು ಪಾತ್ರೆಗಳ ರಗಳೆ ಬೇಡ, ಕಾಯಿಸಿದ್ದರಲ್ಲೇ ಸುರಿಯಬೇಕು ಎನ್ನುವವರು ಮುಂದೆ ಓದಬಹುದು.

ಎಷ್ಟು ವ್ಯಾಟ್, ಯಾವ ಪ್ಲಗ್?

ಅಂಗಡಿಯಲ್ಲಿ ಮೊದಲು ನೋಡಬೇಕಾದದ್ದು ಬಣ್ಣವನ್ನಲ್ಲ, ಬುಡದಲ್ಲಿ ಅಂಟಿಸಿರುವ ಚೀಟಿಯನ್ನು. 1000 ವ್ಯಾಟ್‌ನ ಕೆಟಲ್ ನಮ್ಮ 230 ವೋಲ್ಟ್‌ನಲ್ಲಿ ಸುಮಾರು 4.3 ಆಂಪಿಯರ್ ಎಳೆಯುತ್ತದೆ. 1200 ವ್ಯಾಟ್‌ನದು 5.2. ಇವು ಮನೆಯ ಸಣ್ಣ ಪ್ಲಗ್ಗಿಗೆ, ಅಂದರೆ 6 ಆಂಪಿಯರ್ ಸಾಕೆಟ್‌ಗೆ, ಒಗ್ಗುತ್ತವೆ. 1500 ವ್ಯಾಟ್‌ನದು 6.5 ಆಂಪಿಯರ್ ದಾಟುವುದರಿಂದ ಗೀಸರ್, ಫ್ರಿಜ್‌ಗೆ ಬಳಸುವ 16 ಆಂಪಿಯರ್ ಸಾಕೆಟ್ ಬೇಕು. ಹಳೆಯ ಮನೆಗಳಲ್ಲಿ ಅಡುಗೆಮನೆಗೆ ಅಂಥದ್ದು ಒಂದೇ ಇರುವುದುಂಟು. ಅದನ್ನೂ ಮಿಕ್ಸಿಯೋ ಒಲೆಯೋ ಹಿಡಿದುಕೊಂಡಿರುತ್ತದೆ. ಅಡಾಪ್ಟರ್ ಸಿಕ್ಕಿಸಿ ಸಣ್ಣ ಪ್ಲಗ್ಗಿಗೆ ದೊಡ್ಡ ಹೊರೆ ಹೊರಿಸುವುದು ಅಪಾಯ. ಪ್ಲಗ್ ಬಿಸಿಯಾಗಿ ಕರಗುವುದು ಹೀಗೆಯೇ.

ಪ್ಲಗ್ಗಿಗೆ ಮೂರು ಪಿನ್ ಇರಲೇಬೇಕು. ಗೋಡೆಯ ಸಾಕೆಟ್‌ನಲ್ಲಿ ಅರ್ಥಿಂಗ್ ನಿಜವಾಗಿಯೂ ಇದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ಒಮ್ಮೆ ನೋಡಿಸಿಕೊಳ್ಳುವುದು ಒಳ್ಳೆಯದು. ಸ್ಟೀಲ್ ಮೈಯ ಕೆಟಲನ್ನು ಒದ್ದೆ ಕೈಯಲ್ಲಿ ಹಿಡಿಯುವ ಸಂದರ್ಭ ಅಡುಗೆಮನೆಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತದೆ. ಐಎಸ್‌ಐ ಗುರುತಿರುವುದನ್ನೇ ಹುಡುಕಬೇಕು. ಕರೆಂಟು ಹೋದಾಗ ಇನ್ವರ್ಟರ್ ಇದೆಯಲ್ಲ ಎಂಬ ಭರವಸೆಯೂ ಬೇಡ. ದೀಪ, ಫ್ಯಾನುಗಳಿಗೆಂದು ಹಾಕಿಸಿದ ಸಾಮಾನ್ಯ ಇನ್ವರ್ಟರ್ ಈ ಹೊರೆ ಹೊರಲಾರದು.

ಹೆಚ್ಚು ವ್ಯಾಟ್ ಎಂದರೆ ಒಳ್ಳೆಯ ಕೆಟಲ್ ಎಂಬ ಭ್ರಮೆಯನ್ನೂ ಬಿಡಬೇಕು. ಎರಡು ಲೋಟಕ್ಕೆ ಸಾಕಾಗುವ 600 ಮಿಲಿಲೀಟರ್ ನೀರನ್ನು 25ರಿಂದ 95 ಡಿಗ್ರಿಗೆ ಏರಿಸಲು 1000 ವ್ಯಾಟ್‌ನ ಕೆಟಲ್‌ಗೆ ಮೂರು, ಮೂರೂವರೆ ನಿಮಿಷ ಸಾಕು. ಅಷ್ಟರಲ್ಲಿ ಬೀಜ ಬೀಸಿ, ಕಾಗದ ಮಡಚಿ ಇಡಬಹುದು. ವಿದ್ಯುತ್ತಿನ ಖರ್ಚೂ ಅಲ್ಪ: ಹೀಗೆ ಹದಿನೇಳು ಹದಿನೆಂಟು ಬಾರಿ ಕಾಯಿಸಿದರೆ ಒಂದು ಯೂನಿಟ್ ಆದೀತು.

ಅಮೆರಿಕದಲ್ಲಿರುವ ಮಕ್ಕಳು ರಜೆಗೆ ಬರುವಾಗ ಅಲ್ಲಿಂದಲೇ ಕೆಟಲ್ ತರುವುದುಂಟು. ಬೇಡವೆಂದು ಮೊದಲೇ ಹೇಳಿಬಿಡುವುದು ಮೇಲು. ಅಲ್ಲಿನ ವಿದ್ಯುತ್ತು 120 ವೋಲ್ಟ್. ಆ ವೋಲ್ಟ್‌ಗೆ ಮಾಡಿದ 1200 ವ್ಯಾಟ್‌ನ ಕೆಟಲನ್ನು ಇಲ್ಲಿನ 230 ವೋಲ್ಟ್‌ಗೆ ಸಿಕ್ಕಿಸಿದರೆ ಅದು ಮೂರೂವರೆ ಪಟ್ಟಿಗೂ ಹೆಚ್ಚು, ಅಂದರೆ ನಾಲ್ಕು ಸಾವಿರ ವ್ಯಾಟ್ ಮೀರಿ ಎಳೆಯಲು ಹೋಗಿ ಸುಟ್ಟುಹೋಗುತ್ತದೆ. ಪ್ಲಗ್ಗಿನ ಆಕಾರ ಬದಲಿಸುವ ಅಡಾಪ್ಟರ್ ವೋಲ್ಟನ್ನು ಇಳಿಸುವುದಿಲ್ಲ. ವೋಲ್ಟ್ ಇಳಿಸುವ ಟ್ರಾನ್ಸ್‌ಫಾರ್ಮರ್ ಇಷ್ಟು ಹೊರೆಗೆ ಬೇಕೆಂದರೆ ಕೆಟಲ್‌ಗಿಂತಲೂ ಭಾರ. ದುಬಾರಿ ಉಡುಗೊರೆ ಅಟ್ಟ ಸೇರುವುದು ಹೀಗೆ.

ಡಿಗ್ರಿ ತೋರಿಸುವ ಕೆಟಲ್ ಬೇಕೆ?

ಬೆಲೆ ಏರುವುದು ಮುಖ್ಯವಾಗಿ ಇಲ್ಲಿ. ಕುದಿದ ಕೂಡಲೇ ಆರಿಹೋಗುವ ಸಾದಾ ಕೆಟಲ್ ಒಂದು ಬಗೆ; ಬೇಕಾದ ಉಷ್ಣತೆಯನ್ನು ಒತ್ತುಗುಂಡಿಯಲ್ಲಿ ಗೊತ್ತುಪಡಿಸಿ, ಅಂಕಿಯಲ್ಲಿ ನೋಡಬಹುದಾದದ್ದು ಇನ್ನೊಂದು. ಸೋಸುವ ಕಾಫಿಗೆ ಸಾಮಾನ್ಯವಾಗಿ 90ರಿಂದ 96 ಡಿಗ್ರಿಯ ನೀರು ಹಿತ. ಹದವಾಗಿ, ತಿಳಿಬಣ್ಣಕ್ಕೆ ಹುರಿದ ಬೀಜಕ್ಕೆ ಬಿಸಿ ಹೆಚ್ಚು ಬೇಕು. ಕಪ್ಪಗೆ ಹುರಿದದ್ದಕ್ಕೆ 90ರ ಆಸುಪಾಸು ಸಾಕು, ಹೆಚ್ಚಾದರೆ ಕಹಿ ಎದ್ದು ಕಾಣುತ್ತದೆ.

ಇಲ್ಲಿ ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಸಮುದ್ರ ಮಟ್ಟದಿಂದ ಸುಮಾರು 300 ಮೀಟರ್ ಮೇಲೇರಿದಂತೆಲ್ಲ ನೀರು ಕುದಿಯುವ ಉಷ್ಣತೆ ಒಂದು ಡಿಗ್ರಿ ಇಳಿಯುತ್ತದೆ. ಮಂಗಳೂರು, ಕಾರವಾರಗಳಲ್ಲಿ ನೀರು 100 ಡಿಗ್ರಿಗೆ ಕುದಿದರೆ, 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಸುಮಾರು 97ಕ್ಕೇ ಕುದಿಯುತ್ತದೆ. ಮಡಿಕೇರಿ, ಚಿಕ್ಕಮಗಳೂರುಗಳಲ್ಲಿ 96ರ ಹತ್ತಿರ. ಅಂದರೆ ಕಾಫಿ ಸೀಮೆಯವರಿಗೆ ಒಂದು ಅನುಕೂಲವಿದೆ: ಕುದಿ ನಿಂತ ಕೂಡಲೇ ಸುರಿದರೂ ನೀರು ಹೆಚ್ಚುಕಡಿಮೆ ಹದದಲ್ಲೇ ಇರುತ್ತದೆ. ಬೆಂಗಳೂರಿನವರು ಮುಚ್ಚಳ ತೆಗೆದು ಅರ್ಧ ನಿಮಿಷ ಕಾದರೆ ಸರಿ. ಕರಾವಳಿಯವರು ಒಂದೆರಡು ನಿಮಿಷ ಕಾಯಬೇಕು. ಅಡುಗೆಯ ಥರ್ಮಾಮೀಟರೊಂದಿದ್ದರೆ ತಮ್ಮ ಕೆಟಲ್ ಎಷ್ಟು ಹೊತ್ತಿಗೆ ಎಷ್ಟು ಆರುತ್ತದೆಂದು ಒಂದೇ ದಿನದಲ್ಲಿ ಕಂಡುಕೊಳ್ಳಬಹುದು. ಒಂದೇ ಬಗೆಯ ಬೀಜ ಬಳಸುವ ಮನೆಗೆ ಸಾದಾ ಕೆಟಲ್ ಸಾಕೆನ್ನುವುದು ಇದಕ್ಕೇ.

ಬೇರೆ ಬೇರೆ ಹದದ ಬೀಜ ತರುವವರು, ಹಸಿರು ಚಹಾ ಕುಡಿಯುವವರು, ಒಂದಾದ ಮೇಲೊಂದು ನಾಲ್ಕು ಲೋಟ ಮಾಡುವವರು ಡಿಗ್ರಿಯ ಕೆಟಲ್ ಕೊಂಡರೆ ದುಡ್ಡಿಗೆ ಬೆಲೆ ಸಿಗುತ್ತದೆ. ಆದರೆ ಅಂಕಿ ತೋರಿಸಿದ ಮಾತ್ರಕ್ಕೆ ಅದು ನಿಜವಾಗಬೇಕೆಂದಿಲ್ಲ. ಪರೀಕ್ಷೆ ಸುಲಭ. ಬೆಂಗಳೂರಿನಲ್ಲಿ ನೀರು ಕೊತಕೊತ ಕುದಿಯುತ್ತಿರುವಾಗ ಕೆಟಲ್ 100 ಎಂದು ತೋರಿಸಿದರೆ ಅದು ಮೂರು ಡಿಗ್ರಿ ಹೆಚ್ಚು ಹೇಳುತ್ತಿದೆ ಎಂದೇ ಅರ್ಥ. ಹಾಗೆಯೇ ಎತ್ತರದ ಊರಿನಲ್ಲಿ 100ಕ್ಕೆ ಗೊತ್ತುಪಡಿಸಿದರೆ ಕೆಟಲ್ ಮುಟ್ಟಲಾರದ ಗುರಿಗಾಗಿ ನೀರು ಕುದಿಸುತ್ತಲೇ ಉಳಿಯಬಹುದು. 95ಕ್ಕೆ ಇಟ್ಟುಕೊಂಡರೆ ಆ ತಂಟೆಯಿಲ್ಲ. ಬಿಸಿಯನ್ನು ಅರ್ಧ ಗಂಟೆ ಹಿಡಿದಿಡುವ ಸೌಲಭ್ಯ, ಗಡಿಯಾರ, ಫೋನಿಗೆ ಜೋಡಿಸುವ ಏರ್ಪಾಟು ಇವೆಲ್ಲ ಬೆಲೆ ಏರಿಸುತ್ತವೆ. ಕಾಫಿಯ ರುಚಿಗೆ ಏನೂ ಸೇರಿಸುವುದಿಲ್ಲ.

ಕೈಯಲ್ಲಿ ಹಿಡಿದು ನೋಡಿ

ಸಾಧ್ಯವಾದರೆ ಕೆಟಲನ್ನು ಅಂಗಡಿಯಲ್ಲೇ ಕೈಯಲ್ಲಿ ಹಿಡಿದು ನೋಡಬೇಕು. ಒಂದು ಲೀಟರ್ ನೀರೇ ಒಂದು ಕಿಲೋ. ಅದಕ್ಕೆ ಕೆಟಲ್‌ನ ತೂಕ ಸೇರುತ್ತದೆ. ಅದನ್ನು ಮೂರು ನಿಮಿಷ ಓರೆಯಾಗಿ ಹಿಡಿದು ನಿಧಾನವಾಗಿ ಸುರಿಯಬೇಕು. ಮಣಿಕಟ್ಟು ನೋವಿರುವವರಿಗೆ ಇದು ಸಣ್ಣ ಮಾತಲ್ಲ. ಒಬ್ಬಿಬ್ಬರ ಮನೆಗೆ 600ರಿಂದ 800 ಮಿಲಿಲೀಟರ್ ಸರಿಯಾದ ಗಾತ್ರ. ಅದಕ್ಕಿಂತ ದೊಡ್ಡದನ್ನು ಕೊಂಡರೆ ಅರ್ಧ ಮಾತ್ರ ತುಂಬಿಸುವುದು ವಾಸಿ.

ಅಂಗಡಿಯವರು ಒಪ್ಪಿದರೆ ತಣ್ಣೀರು ತುಂಬಿಸಿ ಲೋಟಕ್ಕೆ ಬಿಟ್ಟು ನೋಡಬಹುದು. ತೀರ ನಿಧಾನವಾಗಿ ಬಾಗಿಸಿದಾಗಲೂ ಎಳೆ ನೇರವಾಗಿ ಕೆಳಗೆ ಬೀಳುತ್ತದೆಯೇ, ಅಥವಾ ಮೂತಿಯ ಅಡಿಯನ್ನು ನೆಕ್ಕಿಕೊಂಡು ಹರಿಯುತ್ತದೆಯೇ? ನಿಲ್ಲಿಸಿದಾಗ ತೊಟ್ಟಿಕ್ಕುತ್ತದೆಯೇ? ಪೂರ್ತಿ ಬಾಗಿಸಿದಾಗ ಮುಚ್ಚಳ ಬೀಳುತ್ತದೆಯೇ? ಹಿಡಿಯಿಂದ ಬೆರಳಿಗೆ ಸ್ಟೀಲ್ ಮೈ ತಾಗುತ್ತದೆಯೇ? ಒಳಗೆ ನೀರು ತಾಗುವಲ್ಲೆಲ್ಲ ಸ್ಟೀಲೇ ಇದೆಯೇ, ಪ್ಲಾಸ್ಟಿಕ್ ಎಷ್ಟಿದೆ? ನೀರಿಲ್ಲದೆ ಗುಂಡಿ ಒತ್ತಿದರೆ ತಾನೇ ಆರುವ ವ್ಯವಸ್ಥೆ ಇದೆಯೇ? ಈ ಪ್ರಶ್ನೆಗಳಿಗೆ ಒಳ್ಳೆಯ ಉತ್ತರ ಕೊಡುವ ಸಾದಾ ಕೆಟಲ್, ಉತ್ತರ ಕೊಡದ ಚೆಂದದ ಕೆಟಲ್‌ಗಿಂತ ಎಷ್ಟೋ ಮೇಲು.

ಇನ್ನೊಂದು ಮಾತು: ಈ ಕೆಟಲ್ ಇಡೀ ಮನೆಯ ಕೆಟಲ್ ಆಗಲಾರದು. ಸ್ನಾನದ ಕೊಡಕ್ಕೆ, ಫ್ಲಾಸ್ಕಿಗೆ, ನೂಡಲ್ಸಿಗೆ ಬಿಸಿನೀರು ಬೇಕೆಂದರೆ ಇದರ ಸಪೂರ ಮೂತಿಯಿಂದ ಇಳಿಯುವ ಹೊತ್ತಿಗೆ ತಾಳ್ಮೆ ತಪ್ಪುತ್ತದೆ. ಗರಿಷ್ಠ ಗೆರೆ ಮೀರಿ ತುಂಬಿಸಿದರೆ ಕುದಿಯುವ ನೀರು ಮೂತಿಯಿಂದ ಚಿಮ್ಮುತ್ತದೆ. ಮಕ್ಕಳಿರುವ ಮನೆಯಲ್ಲಿ ಕಟ್ಟೆಯ ಅಂಚಿನಿಂದ ತಂತಿ ಜೋಲಾಡದಂತೆ ನೋಡಿಕೊಳ್ಳಬೇಕು.

ಆನ್‌ಲೈನ್‌ನಲ್ಲಿ ಕೊಳ್ಳುವವರು ಬೆಲೆಯ ಜೊತೆಗೆ ತಯಾರಾದ ದೇಶ, ಆಮದು ಮಾಡಿದವರ ಹೆಸರು ಮತ್ತು ವಿಳಾಸ, ಗ್ರಾಹಕ ಸೇವೆಯ ದೂರವಾಣಿ ಇವನ್ನೂ ಓದಬೇಕು. ಪೊಟ್ಟಣದ ಮೇಲೆ ಇವು ಇರಬೇಕೆಂಬುದು ಕಾನೂನು. ಒಂದೇ ಕೆಟಲ್ ನಾಲ್ಕು ಹೆಸರುಗಳಲ್ಲಿ ನಾಲ್ಕು ಬೆಲೆಗೆ ಕಾಣಿಸುವುದುಂಟು. ಅಂಥಲ್ಲಿ ಹೆಸರಿಗಿಂತ ವಾರಂಟಿ ಯಾರದ್ದು, ರಿಪೇರಿ ಎಲ್ಲಿ ಎಂಬುದೇ ಮುಖ್ಯ. ರಸೀದಿ ಜೋಪಾನ. ಮಾರಿದವರು ಕೈಯೆತ್ತಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಕೊಂಡ ಮೇಲೆ

ಬೋರ್‌ವೆಲ್ ನೀರಿನ ಊರುಗಳಲ್ಲಿ ಕೆಟಲ್‌ನ ಮೊದಲ ಶತ್ರು ಸುಣ್ಣದ ಹೊಪ್ಪಳೆ. ಅದು ತಳದಲ್ಲಿ ಕಟ್ಟಿಕೊಂಡರೆ ನೀರು ಕಾಯುವುದು ತಡ. ಸಪೂರ ಮೂತಿಯಲ್ಲಿ ಕಟ್ಟಿಕೊಂಡರೆ ಎಳೆಯೇ ಕೆಡುತ್ತದೆ. ಮೂತಿಯೊಳಗೆ ಕೈ ಹೋಗದು. ತಿಂಗಳಿಗೊಮ್ಮೆ ಅರ್ಧ ಕೆಟಲ್ ನೀರಿಗೆ ಒಂದು ನಿಂಬೆಹಣ್ಣಿನ ರಸ ಅಥವಾ ಅಂಗಡಿಯಲ್ಲಿ ‘ನಿಂಬೆ ಉಪ್ಪು’ ಎಂದು ಸಿಗುವ ಸಿಟ್ರಿಕ್ ಆಮ್ಲ ಒಂದು ಚಮಚ ಹಾಕಿ ಕುದಿಸಿ, ಇಪ್ಪತ್ತು ನಿಮಿಷ ಬಿಟ್ಟು, ಆ ನೀರನ್ನು ಮೂತಿಯ ಮೂಲಕವೇ ಚೆಲ್ಲಿ, ಎರಡು ಸಲ ಸಾದಾ ನೀರು ಕುದಿಸಿ ತೆಗೆದರೆ ಸಾಕು. ರಾತ್ರಿ ನೀರು ಉಳಿಸಿಡಬಾರದು. ಕೆಟಲನ್ನಾಗಲಿ ಅದರ ಪೀಠವನ್ನಾಗಲಿ ನಲ್ಲಿಯ ಕೆಳಗೆ ಹಿಡಿಯಬಾರದು.

ಸುರಿಯುವ ಕ್ರಮವೂ ಕಷ್ಟದ್ದಲ್ಲ. ಕಾಗದವನ್ನು ಬಿಸಿನೀರಿನಲ್ಲಿ ತೊಯಿಸಿ, ಆ ನೀರು ಚೆಲ್ಲಿ, 15 ಗ್ರಾಂ ಪುಡಿ ಹಾಕಬೇಕು. ಮೊದಲು 40 ಮಿಲಿಲೀಟರಿನಷ್ಟು ನೀರು ಬಿಟ್ಟು ಅರ್ಧ ನಿಮಿಷ ಕಾಯಬೇಕು. ಪುಡಿ ಹೊಸದಾಗಿದ್ದರೆ ಹುರಿದಾಗ ಒಳಗುಳಿದ ಅನಿಲ ಹೊರಟು ನೊರೆಯುಬ್ಬುತ್ತದೆ. ಉಬ್ಬದಿದ್ದರೆ ಪುಡಿ ಹಳತು ಎಂದು ತಿಳಿಯಬಹುದು. ಆಮೇಲೆ ನಡುವಿನಿಂದ ಹೊರಕ್ಕೆ ಸುತ್ತು ಸುತ್ತಾಗಿ, ಕಾಗದದ ಅಂಚಿಗೆ ತಾಗದಂತೆ, ಎರಡು ಮೂರು ಸಲಕ್ಕೆ ಉಳಿದ ನೀರು. ಒಟ್ಟು ಮೂರು ನಿಮಿಷದ ಆಸುಪಾಸಿಗೆ ಇಳಿದು ಮುಗಿದರೆ ಹದ ಸರಿಯಿದೆ. ಬೇಗ ಇಳಿದು ಹುಳಿಯಾದರೆ ಪುಡಿ ಇನ್ನಷ್ಟು ನುಣುಪಾಗಲಿ. ತಡವಾಗಿ ಕಹಿಯಾದರೆ ಇನ್ನಷ್ಟು ತರಿಯಾಗಲಿ.

ಇಷ್ಟೆಲ್ಲ ಏಕೆ ಎಂಬ ಪ್ರಶ್ನೆ ಇನ್ನೂ ಉಳಿಯುತ್ತದೆ. ಅದಕ್ಕೆ ತೋಟದ ಕಡೆಯಿಂದಲೂ ಒಂದು ಉತ್ತರವಿದೆ. ಒಂದು ಕಾಲದಲ್ಲಿ ಬೆಳೆಗಾರರು ತಮ್ಮ ಕಾಫಿಯನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಬೇಕಿತ್ತು. ಅಲ್ಲಿ ಎಲ್ಲರ ಬೀಜವೂ ದರ್ಜೆಯ ಪ್ರಕಾರ ಒಂದಾಗುತ್ತಿತ್ತು. ಯಾವ ತೋಟದ್ದೆಂಬ ಗುರುತು ಉಳಿಯುತ್ತಿರಲಿಲ್ಲ. 1992ರಿಂದ ಹಂತಹಂತವಾಗಿ ಈ ಕಟ್ಟು ಸಡಿಲಿ 1996ರ ಹೊತ್ತಿಗೆ ಮಾರಾಟ ಮುಕ್ತವಾಯಿತು. ಇಂದು ತೋಟದ ಹೆಸರು, ಸಂಸ್ಕರಿಸಿದ ರೀತಿ, ಎತ್ತರ ಎಲ್ಲವನ್ನೂ ಬರೆದ ಪೊಟ್ಟಣ ಕೊಳ್ಳುವವರ ಕೈಗೆ ಬರುತ್ತಿರುವುದರ ಹಿಂದೆ ಈ ಬದಲಾವಣೆಯೂ ಇದೆ. ಹಾಲು, ಚಿಕೋರಿ ಬೆರೆತಾಗ ಒಂದು ತೋಟಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಮರೆಯಾಗುತ್ತದೆ. ಬರೀ ನೀರಿನಲ್ಲಿ ಸೋಸಿದಾಗ ಅದು ನಾಲಿಗೆಗೆ ಸಿಗುತ್ತದೆ. ಶ್ರಮವಹಿಸಿ ಹಣ್ಣನ್ನೇ ಆರಿಸಿ ಕೊಯ್ಯಿಸಿ, ಕಣದಲ್ಲಿ ಒಣಗಿಸಿದ ಬೆಳೆಗಾರನಿಗೆ ಅದಕ್ಕೆ ತಕ್ಕ ಬೆಲೆ ಬರಬೇಕಾದರೆ ಆ ವ್ಯತ್ಯಾಸ ಗುರುತಿಸುವ ನಾಲಿಗೆಗಳೂ ಬೇಕು.

ಹಾಗಾಗಿ ಲೆಕ್ಕ ಹೀಗೆ ಹಾಕಿಕೊಳ್ಳಬಹುದು. ಮನೆಯಲ್ಲಿ ಎಲ್ಲರೂ ಹಾಲಿನ ಕಾಫಿಯವರಾದರೆ ಈ ಕೆಟಲ್ ಬೇಡ. ಹಿತ್ತಾಳೆ ಫಿಲ್ಟರಿಗೆ ಸಾಟಿಯಿಲ್ಲ. ಸೋಸಿದ ಕಾಫಿಯ ರುಚಿ ಹತ್ತುತ್ತದೆಯೇ ಇಲ್ಲವೇ ಗೊತ್ತಿಲ್ಲದವರು ಒಂದು ಆಲಿಕೆ, ಒಂದು ಕಟ್ಟು ಕಾಗದ, ಕಾಲು ಕಿಲೋ ಒಳ್ಳೆಯ ಬೀಜ ತಂದು, ಮನೆಯಲ್ಲಿರುವ ಸಣ್ಣ ಮೂತಿಯ ಯಾವ ಪಾತ್ರೆಯಿಂದಲಾದರೂ ಒಂದು ತಿಂಗಳು ಸುರಿದು ನೋಡಲಿ. ತಿಂಗಳಾದ ಮೇಲೂ ಬೆಳಗಾದರೆ ಅದೇ ಬೇಕೆನ್ನಿಸಿದರೆ 1000 ವ್ಯಾಟ್‌ನ, 800 ಮಿಲಿಲೀಟರಿನ, ಮೂರು ಪಿನ್ನಿನ, ತಾನೇ ಆರುವ ಸಾದಾ ಕೆಟಲೊಂದನ್ನು ಧೈರ್ಯವಾಗಿ ಕೊಳ್ಳಬಹುದು. ಡಿಗ್ರಿಯ ಕೆಟಲ್‌ಗೆ ಕೊಡಬೇಕಾಗಿದ್ದ ಹೆಚ್ಚುವರಿ ಹಣದಲ್ಲಿ ಒಳ್ಳೆಯ ಬೀಜ ಕೊಂಡರೆ ಮಗನಿಗೂ ರುಚಿ, ಬೆಳೆದವರಿಗೂ ಒಂದು ಪಾಲು. ತಾಯಿಯ ಪ್ರಶ್ನೆಗೂ ಆಗ ಮರ್ಯಾದೆಯ ಉತ್ತರ ಸಿಕ್ಕಂತಾಗುತ್ತದೆ.